ಕರಿಬೇವಿನ ಕುಂಡಕ್ಕೆ ಇನ್ಸುಲಿನ್

ನೀಲವ್ವನ ಕಾಲಿನ ಹೆಬ್ಬೆರಳ ಗಾಯ ಮಾಯುತ್ತಲೇ ಇರಲಿಲ್ಲ…

ದಿನಾ ಬೆಳಿಗ್ಗೆ ಇನ್ಸುಲಿನ್ ಖರ್ಚಾಗುತ್ತಿದ್ದರೂ ಸಕ್ಕರೆ ಇಳಿಯುತ್ತಿರಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಸೊಸೆ ಸುಮಂಗಲಾ ಅನ್ನ ಬಿಡಿಸಿದಳು. ಚಹಾದ ಸಕ್ಕರೆ ಬಿಡಿಸಿದಳು. ಇನ್ನೇನು ಬಿಡಿಸುವುದೋ ಅವಳಿಗೆ ತಿಳಿಯಲಿಲ್ಲ.

ಒಂದು ಕೆಲಸಕ್ಕೆ ಮಾತ್ರ ಅತ್ತೆ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಸೂಜಿ ನಾನ ಚುಚ್ಕೋತೀನಿ. ನೀ ನಿನ್ನ ಡ್ಯೂಟಿಗೆ ನಡಿ" ಎನ್ನುತ್ತಿದ್ದರು.

ಒಂದು ರವಿವಾರ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದ ಸುಮಂಗಲಾ ಬಕೆಟ್ ಹಿಡಿದಂತೆಯೇ ನಿಂತುಬಿಟ್ಟಳು…

ಅತ್ತೆ ಕರಿಬೇವಿನ ಕುಂಡದ ಮುಂದೆ ಕೂತಿದ್ದರು. ಇನ್ಸುಲಿನ್ ಪೆನ್ನಿನ ಸೂಜಿಯನ್ನು ಮಣ್ಣಿಗೆ ಚುಚ್ಚಿ ಗುಂಡಿ ಒತ್ತುತ್ತಿದ್ದರು.

"ಅತ್ತಿ… ಕರಿಬೇವಿಗೆ ಸಕ್ಕರಿ ಕಾಯಿಲೆ ಬಂದೈತೇನ್ರಿ?"

ನೀಲವ್ವ ತಿರುಗಿದರು. ಮುಖದಲ್ಲಿ ಗಾಬರಿ ಇರಲಿಲ್ಲ, ದಣಿವಿತ್ತು.

"ನೋಡಿದ್ಯಲ್ಲ, ಬಿಡು. ಇನ್ನ ಮುಚ್ಚಿಡೂದು ತಪ್ಪಿತು."

ಸುಮಂಗಲಾಗೆ ಸಿಟ್ಟು ಗಂಟಲವರೆಗೂ ಬಂತು. ನುಂಗಿಕೊಂಡಳು. ಬಕೆಟ್ ಕೆಳಗಿಟ್ಟು ಅತ್ತೆಯ ಪಕ್ಕದಲ್ಲೇ ಕೂತಳು.

"ಯಾಕ್ರಿ ಅತ್ತಿ?"

ನೀಲವ್ವ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

"ಲಿಂಗಕ್ಕ ತೋರಿಸದ ಒಂದು ತುತ್ತು ಸೈತ ನನ್ನ ಹೊಟ್ಟಿಗೆ ಹೋಗಿಲ್ಲವಾ. ಇದನ್ನ ಹೆಂಗ ತೋರಿಸ್ಲಿ? ಕೊಯ್ದ ದನದ ಒಳಗಿಂದ ತಗದ ರಸಾ ಇದು…"

"ಯಾರ ಹೇಳಿದ್ರು?"

"ನಿಮ್ಮ ಮಾವಾರಿಗೂ ಸಕ್ಕರಿ ಕಾಯಿಲೆ ಇತ್ತಲ್ಲ, ಆಗಿನ ಡಾಕ್ಟರ ಹೇಳಿದ್ರು. ಮಾವಾರು ಅದನ್ನ ಒಲ್ಲೆ ಅಂದ್ರು. ಕಾಲು ಹೋತು… ಆಮ್ಯಾಲೆ ಅವರೂ ಹೋದ್ರು. ಅವರು ಬ್ಯಾಡಂದದ್ದನ್ನ ನಾ ಚುಚ್ಕೊಂಡು ಬದುಕಿದ್ರ, ಅವರ ನೇಮಕ್ಕ ಏನ ಬೆಲಿ ಉಳೀತು?"



ಸುಮಂಗಲಾ ಕೆಲಸ ಮಾಡುತ್ತಿದ್ದದ್ದು ಹುಬ್ಬಳ್ಳಿಯ ಹೊರಗಿದ್ದ ಒಂದು ಕಂಪನಿಯ ಲ್ಯಾಬಿನಲ್ಲಿ. ಚೀಸ್ ಮಾಡುವಾಗ ಹಾಲು ಒಡೆಸಲು ಹಿಂದೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ರಸವನ್ನು ಈಗ ಅಲ್ಲಿನ ಟ್ಯಾಂಕುಗಳಲ್ಲಿ ಯೀಸ್ಟ್ ತಯಾರಿಸುತ್ತಿತ್ತು.

ಇನ್ಸುಲಿನ್ ಕೂಡ ಈಗ ಹೀಗೆಯೇ ತಯಾರಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ…

"ಈಗಿಂದು ದನದ್ದಲ್ರಿ ಅತ್ತಿ. ಸೂಕ್ಷ್ಮಜೀವಿ ಇರ್ತಾವಲ್ಲ, ಅವು ಮಾಡ್ತಾವ."

"ಹುಳಾನ? ದನದ್ದು ಬಿಡಿಸಿ ಹುಳದ್ದು ಉಣಸಾಕ ಬಂದಿ ನೋಡು."

ಸುಮಂಗಲಾಗೆ ಆ ಹೊತ್ತಿನಲ್ಲೂ ನಗು ಬಂತು.

"ಹುಳ ಅಲ್ರಿ. ಬ್ರೆಡ್ಡಿನ ಹಿಟ್ಟು ಉಬ್ಬಸ್ತೈತಲ್ಲ, ಆ ಯೀಸ್ಟು. ಅದಕ್ಕ ಒಂದು ಅಡಿಗಿ ಕಲಿಸ್ಯಾರ."

"ಯಾರ ಮನಿ ಅಡಿಗಿ?"

ಇದನ್ನು ಹೀಗೆ ಕೇಳಿದವರನ್ನು ಸುಮಂಗಲಾ ನೋಡಿರಲಿಲ್ಲ.

"ನಮ್ದ ರೀ… ಮನುಷ್ಯಾರ್ದು. ಇನ್ಸುಲಿನ್ ಹೆಂಗ ಮಾಡೂದು ಅನ್ನೂದು ನಮ್ಮ ಮೈಗೆ ಹುಟ್ಟಾ ಗೊತ್ತಿರ್ತದ. ಅದನ್ನ ಯೀಸ್ಟಿಗೆ ಕಲಿಸ್ಯಾರ. ನಿಮ್ಮ ಮೈನೂ ಮೊದಲ ಮಾಡ್ಕೋತಿತ್ತು. ಈಗ ಅದಕ್ಕ ಸಾಕಾಗುವಷ್ಟು ಆಗವಲ್ದು. ಅದಕ್ಕ ಇವು ಮಾಡಿ ಕೊಡ್ತಾವ."

ನೀಲವ್ವ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂದ್ರ ನಮ್ಮ ಮನಿ ಅಡಿಗೀನ… ಒಲಿ ಅಷ್ಟ ಬ್ಯಾರೆ."

"ಹೂಂರಿ. ಅಷ್ಟ."

ಸುಮಂಗಲಾಗೆ ಎದೆ ಹಗುರಾಯಿತು. ಅಷ್ಟರಲ್ಲೇ ಅತ್ತೆ ಪೆನ್ನನ್ನು ಕೆಳಗಿಟ್ಟರು.

"ಹಂಗಾದ್ರ… ನಿಮ್ಮ ಮಾವಾರು ಸುಮ್ಮನ ಹೋದ್ರೇನವಾ?"



ಸುಮಂಗಲಾ ಅತ್ತೆಯ ಮಣ್ಣಾದ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

"ಇಲ್ರಿ ಅತ್ತಿ. ಅವರಿಗೆ ಡಾಕ್ಟರ್ ಹೇಳಿದ್ದು ಆ ಕಾಲಕ್ಕ ಖರೇನ ಇತ್ತು. ಅವರೂ ಖರೇನ ನಡದ್ರು. ಅವರು ಬ್ಯಾಡಂದದ್ದು ದನದ್ದು. ಇದನ್ನ ಅವರ ಮುಂದ ಯಾರೂ ತಂದ ಇಡಲಿಲ್ರಿ… ನಿಮ್ಮ ಮುಂದ ಐತಿ. ನೀವು ತಗೊಂಡ್ರ ಅವರ ಮಾತು ಮುರಿದಂಗ ಆಗೂದಿಲ್ಲ."

ನೀಲವ್ವ ಸೊಸೆಯ ಹೆಗಲಿಗೆ ಹಣೆ ಇಟ್ಟರು. ಗಂಡ ಹೋದಾಗಲೂ ನಾಲ್ಕು ಜನರ ಮುಂದೆ ಅಳದಿದ್ದ ಹೆಂಗಸು, ಹಿತ್ತಲಲ್ಲಿ ಕೂತು ಸದ್ದಿಲ್ಲದೆ ಅತ್ತರು…

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರು ಬೈಯಲಿಲ್ಲ. ಸೊಸೆ ಹೇಳಿದ್ದು ಸರಿ ಎಂದರು, ಎಷ್ಟು ತೆಗೆದುಕೊಳ್ಳಬೇಕೆಂದು ಹೊಸದಾಗಿ ಬರೆದುಕೊಟ್ಟರು.

ಅದರ ಮರುದಿನ ಬೆಳಿಗ್ಗೆ ನೀಲವ್ವ ಜಳಕ ಮಾಡಿ ಪೂಜೆಗೆ ಕೂತರು. ಎಡ ಅಂಗೈಯಲ್ಲಿ ಲಿಂಗ. ಪೂಜೆ ಮುಗಿಯುವ ಹೊತ್ತಿಗೆ ಬಲಗೈ ಚಾಚಿ, "ತಾರವಾ ಅದನ್ನ" ಎಂದರು.

ಸುಮಂಗಲಾ ಹೊಸ ಪೆನ್ನು ಕೊಟ್ಟಳು.

ನೀಲವ್ವ ಅದನ್ನು ಲಿಂಗದ ಮುಂದೆ ಹಿಡಿದು ಕಣ್ಣು ಮುಚ್ಚಿದರು. ಅಡುಗೆಮನೆಯಲ್ಲಿ ರೊಟ್ಟಿಯ ಹಂಚು ಕಾಯುತ್ತಿತ್ತು… ಸುಮಂಗಲಾ ಕದಲಲಿಲ್ಲ.

ಆಮೇಲೆ ಕಣ್ಣು ತೆರೆದು, ಮೊದಲ ದಿನ ಶಾಲೆಗೆ ಬಂದ ಹುಡುಗಿಯ ಹಾಗೆ ಮೆಲ್ಲಗೆ ಕೇಳಿದರು:

"ಸುಮಾ… ಎಲ್ಲಿ ಚುಚ್ಚೂದವಾ ಇದನ್ನ?"

ಒಬ್ಬರ ನಂಬಿಕೆಯನ್ನು ಸೋಲಿಸಬೇಕಾಗಿಲ್ಲ… ಅದರ ಪಕ್ಕದಲ್ಲಿ ಕೂತು "ಯಾಕೆ" ಎಂದು ಕೇಳಿದರೆ, ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ಮನೆಯಲ್ಲೂ ಯಾರೋ ಏನನ್ನೋ ಒಲ್ಲೆ ಎನ್ನುತ್ತಿರಬಹುದು. ಅವರದು ಹಟ ಎಂದುಕೊಳ್ಳುವ ಮೊದಲು, ಒಮ್ಮೆ ಅವರ ಪಕ್ಕದಲ್ಲಿ ಕೂತು ಕೇಳಿದ್ದೀರಾ?