ಮೋಡ ಮೇಯುವ ಆನೆ

ನೋಡಿದವರು ಏನೆನ್ನುತ್ತಾರೋ ಚಿತ್ರ ಅದೇ ಆಗಿಬಿಡುತ್ತಿದ್ದ ಕಾಲವದು. ಪಕ್ಕದ ಮನೆಯ ಶರಣವ್ವ "ಹಪ್ಪಳ ಒಣಗ್ಹಾಕ್ಯಾರೇನ್ರಿ?" ಎಂದಿದ್ದೇ ತಡ, ಶಾಲ್ಮಲಾ ತನ್ನ ಗೋಡೆಯ ಮೇಲೆ ಬರೆದಿದ್ದ, ಮೆಟ್ಟಿಲು ಹತ್ತುತ್ತಿದ್ದ ಮೀನುಗಳೆಲ್ಲ ಹಪ್ಪಳವಾಗಿ ಕೂತಿದ್ದವು.

ಟ್ರಂಕಿನೊಳಗಿನ ಒಂದು ಚಿತ್ರವನ್ನು ಮಾತ್ರ ಶಾಲ್ಮಲಾ ತನ್ನ ಅಜ್ಜಿಗಲ್ಲದೆ ಬೇರೆ ಯಾರಿಗೂ ತೋರಿಸಿರಲಿಲ್ಲ. ಚಿಕ್ಕವಳಿದ್ದಾಗ ಅಜ್ಜಿಯ ಕತೆ ಕೇಳಿ ಗೀಚಿದ ಬೂದುಬಣ್ಣದ ಗುಡ್ಡೆಯದು. ಅಜ್ಜಿ ಕನ್ನಡಕ ಏರಿಸಿ, "ಅಯ್ಯ ನನ್ನ ಕೂಸ, ಮೋಡ ಮೇಯೂ ಆನಿ!" ಎಂದಿದ್ದಳು. ಅಂದಿನಿಂದ ಅದು ಆನೆಯೇ. ಅಜ್ಜಿ ಹೋದಮೇಲೆ ಅವಳ ನೋಟ ಉಳಿದದ್ದು ಅದೊಂದರಲ್ಲೇ. ಇನ್ನೊಬ್ಬರು ಬಾಯಿಬಿಟ್ಟರೆ ಅದೂ ಇಲ್ಲ.

ತಮ್ಮನ ಮಗಳು ಇಂಚರಾ ಹಟ ಹಿಡಿದಳು. "ತೋರಸ ಅತ್ತಿ. ಹಪ್ಪಳ ಅನ್ನಂಗಿಲ್ಲ, ನಿನ್ನ ಆಣಿ."

"ಬಾಯಿ ಮುಚಗೊಂಡು ನೋಡ್ತೀಯೇನು?"

"ಮಾತಾಡದ ನೋಡಿದ್ರ ಅದೂ ಒಂದು ನೋಡೂದೇನ? ನಿಮ್ಮ ಅಜ್ಜಿ ಸುಮ್ಮಕಿದ್ರೇನು?"

ಶಾಲ್ಮಲಾಳಿಗೆ ನಗು ಬಂತು, ಕಣ್ಣೂ ತುಂಬಿತು. ಎದೆ ಗಟ್ಟಿಮಾಡಿ ಚಿತ್ರ ಹೊರತೆಗೆದಳು.

ಹುಡುಗಿ ತುಂಬ ಹೊತ್ತು ನೋಡಿದಳು. "ಅತ್ತಿ, ಇದರ ಹೊಟ್ಟಿ ಎಂದೋ ತುಂಬೇತಿ. ನೀ ಯಾವಾಗ ಹತ್ತತಿ ಅಂತ ಕಾಯಾಕತ್ತೈತಿ."

ಆನೆ ಮೆಲ್ಲಗೆ ಮೋಡದಿಂದ ಸೊಂಡಿಲು ತೆಗೆದು, ಶಾಲ್ಮಲಾಳತ್ತ ತಿರುಗಿ, ಮುಂಗಾಲು ಮಡಿಸಿತು.