ಬೆಂಗಾವಲು

ಶಿರಾಳಕೊಪ್ಪ ದಾಟಿದ ಮೇಲೆ ರಾಜೇಶ್ವರಮ್ಮ ಸ್ಕೂಟರಿನ ಕನ್ನಡಿಯಲ್ಲಿ ನೋಡಿದರು. ಬಿಳಿ ಕಾರು ಹಿಂದೆ ಬರುತ್ತಲೇ ಇತ್ತು. ಅದನ್ನು ಓಡಿಸುತ್ತಿದ್ದವರು ಅವರ ಯಜಮಾನರು ಪರಮಶಿವಪ್ಪ. ಮುಂದೆ ಹೋಗುವ ಹೆಂಡತಿಗೆ ಏನೂ ಆಗಬಾರದೆಂಬ ಕಾಳಜಿಯಿಂದ ಅವರು ಹಿಂದಿನಿಂದ ಬಿಡದೆ ಹಾರ್ನ್ ಹೊಡೆಯುತ್ತಿದ್ದರು. ರಾಜೇಶ್ವರಮ್ಮ ಬೆಚ್ಚಿ ಬೀಳುವುದಿದ್ದರೆ ಆ ಕಾಳಜಿಗೇ ಬೀಳಬೇಕಿತ್ತು.

ಅರವತ್ತು ದಾಟಿದ ಹೆಂಗಸು ಶಿಕಾರಿಪುರದಿಂದ ಚಂದ್ರಗುತ್ತಿಗೆ ಒಬ್ಬಳೇ ಸ್ಕೂಟರಿನಲ್ಲಿ ಹೋಗಿಬರುತ್ತೇನೆ ಎಂದಾಗ ಮನೆಯವರೆಲ್ಲ ತುಂಬ ಪ್ರೀತಿಯಿಂದ ಕಾರಣ ಹುಡುಕಿದ್ದರು. ತನ್ನ ಮೇಲಿನ ಸಿಟ್ಟೇ ಇರಬೇಕು ಎಂದು ಸೊಸೆ ಗಂಗಾಶ್ರೀ ಕಣ್ಣೊರೆಸಿಕೊಂಡಳು. ತಲೆಯದೊಂದು ಸ್ಕ್ಯಾನ್ ಮಾಡಿಸಿಬಿಡೋಣ ಎಂದ ಮಗ. “ಸುಮ್ನೆ, ನೋಡ್ಕೊಂಡು ಬರೋಣ ಅಂತ” ಎಂಬ ರಾಜೇಶ್ವರಮ್ಮನ ಉತ್ತರವನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಪರಮಶಿವಪ್ಪನವರೇ ದೊಡ್ಡ ಮನಸ್ಸು ಮಾಡಿ ತೀರ್ಪು ಕೊಟ್ಟರು: “ಹೋಗ್ಲಿ ಬಿಡ್ರಿ, ಒಬ್ಬಳೇ ಹೋಗ್ಲಿ. ನಾನು ಹಿಂದೆ ಬರ್ತೀನಿ.” ಯಾರು ಸತ್ತರೂ ಅರ್ಧ ಬಾಗಿಲಾದರೂ ತೆರೆದಿರುತ್ತಿದ್ದ ಅವರ ಗೊಬ್ಬರದಂಗಡಿಗೆ ಆ ದಿನ ಪೂರ್ತಿ ಬೀಗ ಬಿತ್ತು.

ರಸ್ತೆ ಬದಿಯ ಕೆರೆಯೊಂದರ ಹತ್ತಿರ ರಾಜೇಶ್ವರಮ್ಮ ಸ್ಕೂಟರ್ ನಿಲ್ಲಿಸಿದರು. ಕಾರೂ ನಿಂತಿತು. ಪರಮಶಿವಪ್ಪ ಗಾಜು ಇಳಿಸಿದರು.

“ಏನಾತು? ಗಾಡಿ ಕೆಡ್ತಾ?”

“ಇಲ್ರೀ. ಕೆರೆ ನೋಡ್ತಿದೀನಿ.”

“ಕೆರೇಲಿ ಏನೈತಿ?”

“ನೀರೈತ್ರೀ.”

“ನೀರು ನೋಡಾಕೆ ಇಷ್ಟು ದೂರ ಬರಬೇಕಾ? ಮನೆ ಮೇಲೆ ಟ್ಯಾಂಕಿಲ್ವಾ?”

“ಮದುವೆಯಾದ ವರ್ಷದಿಂದ ಕೇಳ್ತಿದ್ದೆ, ಇಲ್ಲೊಂದು ಗಳಿಗೆ ನಿಲ್ಸ್ರೀ ಅಂತ. ಬರ್ತಾ ನಿಲ್ಸೋಣ ಅಂತಿದ್ರಿ. ಬರ್ತಾ ಯಾವಾಗ್ಲೂ ಕತ್ತಲಾಗಿರ್ತಿತ್ತು.”

ಪರಮಶಿವಪ್ಪ ಉತ್ತರಕ್ಕೆಂದು ಕೈಗಡಿಯಾರ ನೋಡಿದರು. ಅವರು ಹೆಂಡತಿಗೆ ತೋರಿಸದ ಊರಿಲ್ಲ. ನೆಂಟರಿಷ್ಟರ ಮುಂದೆ ಅದನ್ನು ಹೇಳಿಕೊಳ್ಳುವುದೂ ಇತ್ತು. ಪಕ್ಕದ ಬಳ್ಳಿಗಾವಿಯ ದೇವಸ್ಥಾನವನ್ನಂತೂ ಎಷ್ಟೋ ಸಲ ತೋರಿಸಿದ್ದರು, ಪ್ರತಿಸಲವೂ ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿಕೊಳ್ಳುವಷ್ಟು ಹೊತ್ತು.

ಆಮೇಲೆ ರಾಜೇಶ್ವರಮ್ಮ ಕಂಡಕಂಡಲ್ಲಿ ನಿಂತರು. ಶುಂಠಿ ಕೀಳುತ್ತಿದ್ದ ಹೆಂಗಸರನ್ನು ಮಾತಾಡಿಸಿದರು. ಎಮ್ಮೆಗಳು ರಸ್ತೆ ದಾಟುವುದನ್ನು ಕೊನೆಯ ಕರುವಿನವರೆಗೂ ನೋಡಿದರು. ಪ್ರತಿಸಲವೂ ಹಿಂದೆ ಬ್ರೇಕಿನ ಸದ್ದು, ಆಮೇಲೆ ಹಾರ್ನ್. ಸೊರಬ ಇನ್ನೇನು ಬಂತು ಎನ್ನುವಾಗ ಕೆಂಪಪ್ಪ ಎಂಬವನ ಗೂಡಂಗಡಿಯ ಮುಂದೆ ಚಹಾಕ್ಕೆ ಕೂತರು. ಪರಮಶಿವಪ್ಪ ಸ್ವಲ್ಪ ಹಿಂದೆ, ಎಂಜಿನ್ ಆರಿಸದೆ, ಮುಖ ಊದಿಸಿಕೊಂಡು ಕಾರಿನಲ್ಲೇ ಉಳಿದರು.

ಕೆಂಪಪ್ಪ ಲೋಟ ಕೊಡುತ್ತಾ ದನಿ ತಗ್ಗಿಸಿದ. “ಅಮ್ಮಾ, ಆ ಕಾರಿನೋರು ಆವಾಗಿಂದ ನಿಮ್ಮನ್ನೇ ನೋಡ್ತಾರಲ್ಲ. ನಿಮ್ಮೋರಾ?”

ರಾಜೇಶ್ವರಮ್ಮ ತಿರುಗಿ ನೋಡಿ, ಚಹಾದ ಮೇಲೊಮ್ಮೆ ಊದಿದರು. “ದಾರಿ ತಪ್ಪಿರಬೇಕು ಪಾಪ. ಕೇಳಿ ನೋಡಪ್ಪ.”

ಕೆಂಪಪ್ಪ ಉಪಕಾರಿ. ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು ಹೋಗಿ ಗಾಜು ತಟ್ಟಿದ. ಸೊರಬದ ಸುತ್ತಲಿನ ಅಂಗಡಿಗಳಿಗೆಲ್ಲ ಗೊಬ್ಬರ ಹಾಕಿಸಿ, ಈ ರಸ್ತೆಯ ಗುಂಡಿಗಳಿಗೂ ಪರಿಚಿತರಾಗಿದ್ದ ಪರಮಶಿವಪ್ಪನವರಿಗೆ ಕೈ ಆಡಿಸಿ ಆಡಿಸಿ ವಿವರಿಸಿದ: “ನೀವು ಗಾಬ್ರಿ ಆಗಬ್ಯಾಡ್ರಿ ಯಜಮಾನ್ರೇ. ಇಲ್ಲಿಂದ ಸೀದಾ ಹೋದ್ರೆ ಸೊರಬ. ಅಲ್ಲಿ ಯಾರ್ನ ಕೇಳಿದ್ರೂ ಹೇಳ್ತಾರೆ.”

ಕಾರು ಜಿಗಿದಂತೆ ಮುಂದೆ ಬಂತು, ರಾಜೇಶ್ವರಮ್ಮನ ಚಹಾಕ್ಕೆ ಒಂದಷ್ಟು ಧೂಳು ಹಾಕಿ ಸೀದಾ ಹೋಗಿಯೇಬಿಟ್ಟಿತು. ಅವರು ಇನ್ನೊಂದು ಚಹಾ ಹೇಳಿದರು.

ಚಂದ್ರಗುತ್ತಿಯಲ್ಲಿ ಗುಡ್ಡ ಹತ್ತಿ ಅಮ್ಮನವರ ದರ್ಶನ ಮುಗಿಸಿ, ಇಳಿಯುವಾಗ ಮೆಟ್ಟಿಲ ಪಕ್ಕದ ಬಂಡೆಯ ನೆರಳಿನಲ್ಲಿ ಕೂತರು. ಕೂತ ಕೂಡಲೇ ಅಭ್ಯಾಸಬಲದಿಂದ ಅರ್ಧ ಎದ್ದರು. ‘ಆಯ್ತಾ? ನಡಿ’ ಎಂದು ಯಾರೂ ಅನ್ನಲಿಲ್ಲ. ಮತ್ತೆ ಕೂತರು. ಕೆಳಗೆ ಗದ್ದೆಗಳು, ನಡುವೆ ಒಂದು ಹೆಂಚಿನ ಮನೆ, ಅಂಗಳದಲ್ಲಿ ಯಾರೋ ಕಂಬಳಿ ಕೊಡವುತ್ತಿದ್ದರು. ನೋಡುವಂಥದ್ದೇನೂ ಇರಲಿಲ್ಲ. ಹೊಟ್ಟೆ ತುಂಬ ನೋಡಿದರು.

ಆಗ ಫೋನ್ ಬಂತು. ಪರಮಶಿವಪ್ಪನವರದು.

“ಎಲ್ಲಿದೀಯಾ?”

“ಗುಡ್ಡದ ಮೇಲೆ. ನೀವೆಲ್ರೀ?”

“ಸೊರಬದಾಗೆ ಒಂದು ಹೋಟ್ಲಾಗೆ ಕುಂತೀನಿ. ನೀನೇನು ಅವಸರ ಮಾಡಬ್ಯಾಡ, ನಿಧಾನಕ್ಕೆ ಬಾ.” ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ರಾಜೇಶ್ವರಮ್ಮನಿಗೆ ಅನುಮಾನವಾಯಿತು.

“ಬಾಯಾಗೇನದು?”

ಅತ್ತ ಕಡೆ ಅಗಿಯುವ ಸದ್ದು ನಿಂತಿತು. “ಮಿರ್ಚಿ ಮಂಡಕ್ಕಿ.”

ಬಿಪಿ, ಸಕ್ಕರೆ ಎರಡೂ ಇದ್ದ ಪರಮಶಿವಪ್ಪನವರಿಗೆ ಮನೆಯಲ್ಲಿ ಕರಿದದ್ದನ್ನು ದೂರದಿಂದಲೂ ತೋರಿಸುತ್ತಿರಲಿಲ್ಲ; ಎಣ್ಣೆ ಡಬ್ಬಿಯ ಬೀಗದ ಕೈ ರಾಜೇಶ್ವರಮ್ಮನ ಸೊಂಟದಲ್ಲಿರುತ್ತಿತ್ತು. ಎಷ್ಟು ತಿಂದಿರಿ, ಯಾರನ್ನು ಕೇಳಿ ತಿಂದಿರಿ, ಮಾತ್ರೆ ಎಲ್ಲಿ — ಎಲ್ಲವೂ ಒಟ್ಟಿಗೆ ಅವರ ನಾಲಿಗೆ ತುದಿಗೆ ಬಂದು ನಿಂತವು. ಕೆಳಗಿನ ಗದ್ದೆಗಳನ್ನು ನೋಡಿದರು. ನುಂಗಿಕೊಂಡರು.

“ಖಾರ ಆದ್ರೆ ಮಜ್ಜಿಗೆ ಕುಡೀರಿ” ಎಂದರು.

ಪರಮಶಿವಪ್ಪ ತಬ್ಬಿಬ್ಬಾದರು. “ಬೈಯಲ್ವಾ?”

“ಒಬ್ಬರೇ ಹೋದೋರ್ನ ಬೈಯೋರು ಯಾರಿರ್ತಾರ್ರೀ?”

ಪರಮಶಿವಪ್ಪ ಫೋನ್ ಕೆಳಗಿಟ್ಟರು. ಗಡಿಬಿಡಿಯಲ್ಲಿ ಅವರು ಫೋನನ್ನು ಸರಿಯಾಗಿ ಆರಿಸಿರಲಿಲ್ಲ. ಹೋಟೆಲಿನ ಗದ್ದಲದ ನಡುವೆ, ಮನೆಯಲ್ಲಿ ಯಾರೂ ಎಂದೂ ಕೇಳಿರದ ಒಂದು ಹುರುಪಿನ ದನಿ ಕೂಗಿತು: “ಏ, ಇಲ್ಲೊಂದು ಪ್ಲೇಟ್! ಬಿಸೀದೇ ತಗೊಂಬಾ!”