ಮೂವರಿಗೆ ಹಂಚಿದ ಲಕ್ಷ ಬತ್ತಿ

ವಿಭೂತಿ ಹಚ್ಚಿದ ಹತ್ತಿಯ ವಾಸನೆ ಈಗಲೂ ನನ್ನನ್ನು ಮಸ್ಕಿಯ ನಮ್ಮ ಪಡಸಾಲೆಗೆ ಕರೆದೊಯ್ಯುತ್ತದೆ.

ಶಿವನಿಗೆ ಲಕ್ಷ ಬತ್ತಿಯ ಹರಕೆ ಹೊತ್ತಿದ್ದ ಅಜ್ಜಿ, ಒಂದು ಮಧ್ಯಾಹ್ನ ಅವ್ವ ಮತ್ತು ಅತ್ತೆಯ ಜೊತೆ ಬತ್ತಿ ಹೊಸೆಯುತ್ತಿದ್ದಳು. ಮೂವರಿಗೂ ಸಮಪಾಲು. ನನಗೂ ಹೊಸೆಯುವ ಆಸೆ.

“ನೀ ಸಣ್ಣಾಕಿ, ಹತ್ತಿ ಹೊಲಸು ಮಾಡ್ತಿ,” ಎಂದಳು ಅತ್ತೆ.

ನಾನು ಗೋಡೆಗೆ ಒರಗಿ ಲಕ್ಷವನ್ನು ಮೂರರಿಂದ ಭಾಗಿಸಿದೆ.

“ಅಜ್ಜಿ, ಮೂರು ಮಂದಿಗೆ ಸಮಾ ಹಂಚಿದ್ರ ಒಂದು ಉಳಿತೈತಿ. ಅದನ್ನ ಯಾರು ಮಾಡ್ತೀರಿ?”

“ಹತ್ತು ಲಕ್ಷ ಬೇಡ್ಕೊಂಡಿದ್ರ?” ಅತ್ತೆ ಕೆಣಕಿದಳು.

“ಆಗೂ ಒಂದ ಉಳಿತಿತ್ತು.”

ಅಜ್ಜಿ ನಕ್ಕು ನನ್ನ ಅಂಗೈಗೆ ಹತ್ತಿ ಇಟ್ಟಳು. ನನ್ನ ಬತ್ತಿ ದಪ್ಪಗೆ, ಸೊಟ್ಟಗೆ ಬಂತು.

“ಇದೇನ್ ಬತ್ತಿಯೋ, ಹಗ್ಗಾನೋ?”

“ಸುಮ್ನಿರಬೇ,” ಎಂದು ಅತ್ತೆಯನ್ನು ಗದರಿದ ಅಜ್ಜಿ, ಅದನ್ನು ಬುಟ್ಟಿಯಲ್ಲಿದ್ದ ಬತ್ತಿಗಳ ಮೇಲೆ ಜೋಪಾನವಾಗಿ ಮಲಗಿಸಿದಳು. “ಇದಿಲ್ಲಂದ್ರ ಲಕ್ಷ ಆಗಂಗಿಲ್ಲ.”